ಬಾಡಿಗೆ ಮನೆಯ ಮೂರನೆಯವಳು

"ನಿಮ್ಮ ಮನೇಲಿ ಮೂರು ಜನ ಅವ್ರೆ ಕಣಕ್ಕ, ನಿಮಗೆ ಗೊತ್ತೈತಾ?" ಎಂದು ಹೊಸಕೋಟೆಯ ಎದುರು ಮನೆಯಾಕೆ ಫೋನಿನಲ್ಲಿ ಕೇಳಿದಾಗ ನಾನು ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದೆ. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಆಷಾಢ ಶುರುವಾಗಿ ವಾರವಾಗಿತ್ತು, ಮೋಡ ಮುಸುಕಿದ ಬೆಳಗು. ಗೊತ್ತಿಲ್ಲ ಎಂದರೆ ಮನೆಯ ಮಾಲೀಕಳೆಂಬ ಮರ್ಯಾದೆ ಹೋಗುತ್ತದೆ, ಗೊತ್ತು ಎಂದರೆ ಸುಳ್ಳಾಗುತ್ತದೆ. "ಯಾರೋ ನೆಂಟರು ಬಂದಿರಬೇಕು ಬಿಡಿ" ಎಂದೆ. "ನೆಂಟ್ರು ದಿನಾ ಬಟ್ಟೆ ಒಗ್ದು ಒಣಗಾಕ್ತಾರಾ?" ಎಂದರು ಆಕೆ. ಹಾಲು ಕರೆಯುವ ಹೊತ್ತು ಎಂದು ಹೇಳಿ ಫೋನು ಇಟ್ಟೆ.

ನಾವಿರುವುದು ಹೊಸಕೋಟೆಯಿಂದ ಅರ್ಧ ಗಂಟೆ ಬಸ್ಸಿನ ದಾರಿಯ ಹಳ್ಳಿಯಲ್ಲಿ. ತರಕಾರಿ ತೋಟ, ನಾಲ್ಕು ಹಸು, ಡೇರಿಗೆ ಹಾಲು. ಪೇಟೆಯೊಳಗಿನ ಆ ಮನೆಯನ್ನು ನಮ್ಮ ಯಜಮಾನರು ವರ್ಷಕ್ಕಿಷ್ಟು ಎಂದು ಕಟ್ಟಿಸುತ್ತಾ ಹೋಗಿ ಕೊನೆಗೊಮ್ಮೆ ಮುಗಿಸಿದರು. ಒಂದು ನಡುಮನೆ, ಅಡುಗೆಮನೆ, ಒಂದು ರೂಮು, ಹಿಂದೆ ಬಟ್ಟೆ ಒಗೆಯುವ ಕಲ್ಲು. ಸಂಪು ಚಿಕ್ಕದು, ನಲ್ಲಿಯಲ್ಲಿ ನೀರು ಬಂದ ದಿನ ಬಂತು, ಬಾರದ ದಿನ ಇಲ್ಲ. ಹಾಗಾಗಿ ಬಾಡಿಗೆಗೆ ಕೇಳಿಕೊಂಡು ಬಂದವರಿಗೆ ನಾನು ಮೊದಲು ಹೇಳುತ್ತಿದ್ದ ಮಾತು ಇಬ್ಬರಿಗಿಂತ ಹೆಚ್ಚು ಜನ ಇರಕೂಡದು ಎನ್ನುವುದು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಎಲ್ಲಿ ಹೋದರೂ ತಲೆ ಎಣಿಸುವ ಚಾಳಿ ನನ್ನನ್ನು ಬಿಟ್ಟಿಲ್ಲ.

ನೀರು ಒಂದು ನೆಪ ಮಾತ್ರ. ನಿಜವಾದ ಭಯ ಬೇರೆ ಇತ್ತು. ಅದೇ ಬೀದಿಯ ಹಿಂದಿನ ಅಡ್ಡರಸ್ತೆಯಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಬಾಡಿಗೆಗಿದ್ದ ಹುಡುಗರು ಯಾರನ್ನೋ ತಂದು ಇಟ್ಟುಕೊಂಡಿದ್ದರು. ಅವನನ್ನು ಹುಡುಕಿಕೊಂಡು ಪೊಲೀಸರು ಬಂದರು. ಹುಡುಗರು ಸಿಗಲಿಲ್ಲ, ಮನೆಯ ಮಾಲೀಕರು ಸಿಕ್ಕರು. ಅವರನ್ನು ಇಡೀ ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ, ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ನಿಮಗೇ ಗೊತ್ತಿಲ್ಲವೇ ಎಂದು ಕೇಳಿದರಂತೆ. ಆಮೇಲೆ ಆ ಹಿರಿಯರು ಬೆಳಗಿನ ಕಾಫಿಗೆ ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. ಆ ಬೆಂಚಿನ ಮೇಲೆ ನಾನು ಕೂತಂತೆ ಮನಸ್ಸಿನಲ್ಲೇ ಎಷ್ಟೋ ಸಲ ಕಲ್ಪಿಸಿಕೊಂಡು ಬೆವರಿದ್ದೇನೆ.

ಆಗ ಮನೆಯಲ್ಲಿದ್ದವರು ಇಬ್ಬರು ನರ್ಸ್ ಹುಡುಗಿಯರು. ಇಬ್ಬರೂ ಕೋಲಾರದ ಕಡೆಯವರು, ಹೊಸಕೋಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ. ಅವರನ್ನು ಕರೆತಂದು ತೋರಿಸಿದ್ದು ನಮ್ಮ ಸೊಸೆ. ಅವಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. "ಒಳ್ಳೆ ಹುಡುಗೀರು ಅತ್ತೆ, ನಾನು ಜವಾಬ್ದಾರಿ" ಎಂದಿದ್ದಳು. ಮದುವೆಯಾಗಿ ಬಂದ ತಿಂಗಳೊಳಗೇ ಅಷ್ಟು ಧೈರ್ಯವಾಗಿ ಆಡಿದ ಮಾತು ಅದೊಂದೇ. ಉಳಿದಂತೆ ಅವಳು ಮಾತು ಕಡಿಮೆಯ ಹುಡುಗಿ.

ಸೊಸೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ತಿಂಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಬಾಡಿಗೆ ಮನೆಯೊಂದೇ ಅಲ್ಲ. ವೈಶಾಖದಲ್ಲಿ ಮಗನ ಮದುವೆಯಾಗಿತ್ತು. ನಮ್ಮ ಕಡೆ ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗಬೇಕು. ಗಂಡ ಹೆಂಡಿರು ಕೂಡಿರಬಾರದು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ದಾಟಿದರೆ ಅತ್ತೆಗೆ ಒಳ್ಳೆಯದಲ್ಲ. ನಾನು ಇಂಥದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುವವಳಲ್ಲ. ಆದರೆ ಕೆಡುಕು ನೇರವಾಗಿ ನನಗೇ ಎಂದಾಗ ಪರೀಕ್ಷೆ ಮಾಡಿ ನೋಡುವಷ್ಟು ಧೈರ್ಯವೂ ನನಗಿಲ್ಲ. ಅದೂ ಅಲ್ಲದೆ ನನ್ನ ಮೊದಲ ಆಷಾಢ ನನಗೆ ಇನ್ನೂ ನೆನಪಿದೆ. ನನ್ನ ತವರು ನಲ್ಲೂರಿನ ಹುಣಸೆ ತೋಪಿನ ಹತ್ತಿರ. ಅಮ್ಮ ದಿನಾ ತಲೆಗೆ ಎಣ್ಣೆ ಒತ್ತಿ, ಹುರುಳಿ ಬಸ್ಸಾರು ಮಾಡಿ, ಒಂದು ಕಡ್ಡಿ ಎತ್ತಿಡಲು ಬಿಡದೆ ನೋಡಿಕೊಂಡಿದ್ದಳು. ವಾಪಸು ಬರುವಾಗ ರವಿಕೆಯ ತೋಳು ಬಿಗಿಯಾಗಿತ್ತು. ಎಲ್ಲ ಹೆಣ್ಣುಮಕ್ಕಳಿಗೂ ಆಷಾಢ ಹೀಗೇ ಎಂದುಕೊಂಡಿದ್ದೆ.

ಸೊಸೆಗೆ ತಾಯಿಯಿರಲಿಲ್ಲ. ಅವಳು ಓದುತ್ತಿದ್ದಾಗಲೇ ತೀರಿಕೊಂಡಿದ್ದರು. ಮಾಲೂರಿನ ಕಡೆ ಊರು; ತಂದೆ, ಅಣ್ಣ, ಅತ್ತಿಗೆ ಇದ್ದಾರೆ. ಅಲ್ಲಿಂದಲೇ ಬಸ್ಸಿನಲ್ಲಿ ಡ್ಯೂಟಿಗೆ ಓಡಾಡುತ್ತೇನೆ ಎಂದಳು. ಹೊರಡುವ ಹಿಂದಿನ ದಿನ ತವರಿನವರಿಗೆಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ನಿಪ್ಪಟ್ಟು ಕರಿದೆ. ನಮ್ಮ ಮನೆಯ ನಿಪ್ಪಟ್ಟನ್ನು ಕೈಯಲ್ಲಿ ತಟ್ಟುವುದಿಲ್ಲ. ನಮ್ಮತ್ತೆಯ ಕಾಲದ ಹಿತ್ತಾಳೆ ಚೊಂಬಿನ ತಳದಿಂದ ಒತ್ತುತ್ತೇವೆ. ತಳದಲ್ಲಿ ಒಂದರೊಳಗೊಂದು ಮೂರು ಸುತ್ತಿನ ಗೆರೆಯಿದೆ, ಅದು ಪ್ರತಿ ನಿಪ್ಪಟ್ಟಿನ ಮೇಲೂ ಅಚ್ಚಾಗುತ್ತದೆ. ಸೊಸೆಗೆ ಅದನ್ನು ನೋಡಿ ನಗು ಬಂದಿತ್ತು. "ಕಂಪನಿ ಮಾರ್ಕು ಇದ್ದಂಗೈತೆ ಅತ್ತೆ" ಎಂದಿದ್ದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು, ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಆ ತಿರುಗಿ ನೋಡದಿದ್ದುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಆಷಾಢಕ್ಕೆಂದು ಹೋದ ಸೊಸೆ ಶ್ರಾವಣಕ್ಕೂ ಬರಲಿಲ್ಲ, ಗೌರಿ ಹಬ್ಬಕ್ಕೂ ಬರಲಿಲ್ಲ, ಕೊನೆಗೆ ಬಂದದ್ದು ವಕೀಲರ ನೋಟೀಸು. ನಮ್ಮ ಮನೆಯಲ್ಲಿ ಅವಳಿಗೆ ಏನು ಕಡಿಮೆಯಾಯಿತು, ನನ್ನ ಮಾತು ಒರಟಾಯಿತೇ, ಬೆಳಿಗ್ಗೆ ಬೇಗ ಎಬ್ಬಿಸಿದೆನೇ ಎಂದು ಒಂದೊಂದೇ ನೆನೆದು ಲೆಕ್ಕ ಹಾಕುತ್ತಿದ್ದೆ. ಅವಳು ವಾಪಸು ಬರುತ್ತಾಳೋ ಇಲ್ಲವೋ ಎನ್ನುವ ಒಂದೇ ಪ್ರಶ್ನೆ ಅಡುಗೆ ಮಾಡುವಾಗಲೂ ಹಾಲು ಕರೆಯುವಾಗಲೂ ನನ್ನ ಜೊತೆಗಿತ್ತು. ಯಜಮಾನರಿಗೆ ಹೇಳಿದರೆ "ಬರ್ತಾಳೆ ಬಿಡೆ" ಎನ್ನುತ್ತಿದ್ದರು. ಹೊಲಕ್ಕೆ ಹಂದಿ ನುಗ್ಗಿದರೂ "ಹೋಗ್ತವೆ ಬಿಡೆ" ಎನ್ನುವ ಮನುಷ್ಯ ಅವರು.

ಸಂಜೆಯಾದರೆ ನಾನೇ ಫೋನು ಮಾಡುತ್ತಿದ್ದೆ. ಅಪ್ಪ ಹೇಗಿದ್ದಾರೆ ಎಂದರೆ ಚೆನ್ನಾಗಿದಾರೆ ಅತ್ತೆ. ಇವತ್ತೇನು ಅಡುಗೆ ಎಂದರೆ ಅತ್ತಿಗೆ ಸೊಪ್ಪಿನ ಸಾರು ಮಾಡಿದ್ರು ಅತ್ತೆ. ನಿಪ್ಪಟ್ಟು ಹೇಗಿತ್ತಂತೆ ಎಂದರೆ ಎಲ್ಲರಿಗೂ ಇಷ್ಟ ಆಯ್ತು ಅತ್ತೆ. ಹಿನ್ನೆಲೆಯಲ್ಲಿ ಆಟೋಗಳ ಸದ್ದು. "ನಿಮ್ಮೂರಲ್ಲಿ ಅಷ್ಟೊಂದು ಆಟೋ ಓಡಾಡ್ತವಾ?" ಎಂದು ಒಮ್ಮೆ ಕೇಳಿದೆ. "ರಸ್ತೆ ಪಕ್ಕ ಅಲ್ವಾ ಅತ್ತೆ" ಎಂದಳು. ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಅಷ್ಟು ಸರಿಯಾಗಿ ಇದ್ದುದೇ ನನಗೆ ಕಸಿವಿಸಿ ತರುತ್ತಿತ್ತು.

ಇದರ ನಡುವೆ ಬಂದದ್ದು ಎದುರು ಮನೆಯಾಕೆಯ ಫೋನು. ನಾನು ನರ್ಸ್ ಹುಡುಗಿಯರಲ್ಲಿ ದೊಡ್ಡವಳಿಗೆ ಕರೆ ಮಾಡಿದೆ.

"ಯಾರಮ್ಮಾ ಅದು ಮೂರನೆಯವಳು?"

"ಯಾರೂ ಇಲ್ಲ ಆಂಟಿ, ನಾವಿಬ್ರೇ."

"ಎದುರು ಮನೆಯವರು ನೋಡಿದ್ದಾರೆ."

"ಡ್ಯೂಟಿಯಿಂದ ಒಬ್ಬೊಬ್ರು ಫ್ರೆಂಡ್ಸ್ ಬಂದು ಹೋಗ್ತಾರೆ ಆಂಟಿ, ಅಷ್ಟೇ."

ಮಾತು ನಯವಾಗಿತ್ತು, ಆದರೆ ಉತ್ತರಕ್ಕೆ ಮುಂಚೆ ಒಂದು ಗಳಿಗೆ ಸುಮ್ಮನಾಗಿದ್ದಳು. ಅಂಗನವಾಡಿಯ ಮಕ್ಕಳು ಬೆಲ್ಲ ತಿಂದು ಬಾಯಿ ಒರೆಸಿಕೊಂಡು ಬಂದಾಗ ಹೀಗೇ ಸುಮ್ಮನಾಗುತ್ತಿದ್ದವು.

ಮಗನಿಗೆ ಹೊಸಕೋಟೆಯಲ್ಲೇ ಅಂಗಡಿ. ಹನಿ ನೀರಾವರಿ ಪೈಪು, ಸ್ಪ್ರಿಂಕ್ಲರ್ ಮಾರುತ್ತಾನೆ. ಆ ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೇಳಿದೆ, ಹೋಗಿ ನೋಡಿಕೊಂಡು ಬಾ ಎಂದು. ಅವನು ಮುದ್ದೆ ಮುರಿಯುತ್ತಾ ತಲೆಯಾಡಿಸಿದ. ಮರುದಿನ ಬಂದು "ನೋಡ್ದೆ ಕಣಮ್ಮ, ಇಬ್ರೇ ಅವ್ರೆ" ಎಂದ. ಮಗನೇ ನೋಡಿಬಂದ ಮೇಲೆ ಮುಗಿಯಿತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ವಾರವೇ ಎದುರು ಮನೆಯಾಕೆ ಇನ್ನೊಮ್ಮೆ ಫೋನು ಮಾಡಿದರು. ಈ ಸಲ ದನಿ ತಗ್ಗಿಸಿದ್ದರು.

"ಅಕ್ಕ, ಒಬ್ಬ ಗಂಡಸು ಬತ್ತಾನೆ. ಬೈಕು ತಿರುವಲ್ಲೇ ನಿಲ್ಸಿ, ಹೆಲ್ಮೆಟ್ ತೆಗೀದೇನೆ ನಡ್ಕೊಂಡು ಬಂದು ಒಳಗೋಗ್ತಾನೆ. ಎಲ್ಲಾದ್ರೂ ಉಂಟಾ?"

ಮೂರನೆಯ ಹುಡುಗಿ ಎಲ್ಲಿಂದಲೋ ಓಡಿಬಂದವಳು, ಬರುವವನು ಅವಳನ್ನು ಕರೆತಂದವನು, ನಾಳೆ ಅವಳ ಮನೆಯವರು ಬರುತ್ತಾರೆ, ಗಲಾಟೆಯಾಗುತ್ತದೆ, ಪೊಲೀಸರು, ಬೆಂಚು. ಕಥೆಯನ್ನು ಮನಸ್ಸೇ ಕಟ್ಟಿ ನನಗೇ ಹೇಳಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಆ ಹುಡುಗಿಯರನ್ನು ತಂದವಳು ನಮ್ಮ ಸೊಸೆ. ಅವರನ್ನು ನಾನು ಬೈದು ಬಿಡಿಸಿದರೆ ಅವಳಿಗೆ ಹೇಗಾಗುತ್ತದೆ? ಮೊದಲೇ ತಿರುಗಿ ನೋಡದೆ ಹೋದವಳು. ನಾನು ಜವಾಬ್ದಾರಿ ಎಂದವಳ ಮುಖಕ್ಕೆ ಹೊಡೆದಂತಾಗುವುದಿಲ್ಲವೇ? ಬಿಟ್ಟರೆ ಮನೆಯ ಮಾನ, ಹಿಡಿದರೆ ಸೊಸೆಯ ಮನಸ್ಸು. ಎರಡು ದಿನ ಹಾಗೇ ಕುದಿದೆ.

"ಬಿಡೆ, ಹೆಣ್ಣುಮಕ್ಕಳು, ಯಾರೋ ಅಣ್ಣನೋ ತಮ್ಮನೋ ಇರ್ತಾನೆ" ಎಂದರು ಯಜಮಾನರು.

"ಅಣ್ಣನಾದ್ರೆ ಬೈಕು ಮನೆ ಮುಂದೆ ನಿಲ್ಲಿಸ್ತಾನೆ" ಎಂದೆ. ಅದಕ್ಕೆ ಅವರೂ ಬಿಡೆ ಎನ್ನಲಿಲ್ಲ.

ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಸಿಟ್ಟು ಮಾಡಬಾರದು, ಮೊದಲು ಕೂತು ಮಾತಾಡಬೇಕು, ಹೊರಗಿನವರನ್ನು ಸಂಜೆಯೊಳಗೆ ಕಳಿಸಿ ಎನ್ನಬೇಕು. ಹೊಸಕೋಟೆಯಲ್ಲಿ ಇಳಿದು ಬೀದಿಗೆ ತಿರುಗಿದರೆ ಎದುರು ಮನೆಯಾಕೆ ಗೇಟಿನಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಚಿಕ್ಕ ನರ್ಸು ಬೆಳಗ್ಗೆ ಡ್ಯೂಟಿಗೋದ್ಲು. ಇನ್ನಿಬ್ರು ಒಳಗವ್ರೆ" ಎಂದು ಸೊಪ್ಪಿನಿಂದ ತಲೆಯೆತ್ತದೆ ವರದಿ ಒಪ್ಪಿಸಿದರು.

ಬಾಗಿಲು ತೆರೆದದ್ದು ದೊಡ್ಡ ನರ್ಸ್. "ಬನ್ನಿ ಆಂಟಿ" ಎಂದಳು, ಆದರೆ ಬಾಗಿಲಿಂದ ಸರಿಯಲು ಒಂದಿಷ್ಟು ಹೊತ್ತು ಹಿಡಿಯಿತು. ಒಳಗೆ ಹೋಗಿ ನಡುಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ರೂಮಿನ ಬಾಗಿಲು ಮುಚ್ಚಿತ್ತು.

"ನನ್ನ ರೂಮ್‌ಮೇಟ್ ನೈಟ್ ಡ್ಯೂಟಿ ಮುಗಿಸಿ ಮಲಗಿದಾಳೆ ಆಂಟಿ" ಎಂದಳು ನಾನು ಕೇಳುವ ಮೊದಲೇ.

ಆ ಚಿಕ್ಕವಳು ಬೆಳಿಗ್ಗೆ ಡ್ಯೂಟಿಗೆ ಹೋದದ್ದು ನನಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಿತು. ಆದರೂ ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ನೆನೆದು ತಡೆದುಕೊಂಡೆ. "ನೀರು ಕೊಡಮ್ಮ" ಎಂದೆ. ನೀರು ತಂದಳು. ಬರಿ ನೀರು ಕೊಟ್ಟು ಹಿರಿಯರನ್ನು ಕಳಿಸುವುದು ನಮ್ಮ ಸೀಮೆಯಲ್ಲಿ ಯಾವ ಮನೆಯಲ್ಲೂ ಇಲ್ಲ. ಆ ಹುಡುಗಿ ಎಷ್ಟೇ ಗಾಬರಿಯಲ್ಲಿದ್ದರೂ ಆ ಅಭ್ಯಾಸ ಮಾತ್ರ ಕೈತಪ್ಪಲಿಲ್ಲ. ಒಳಗೆ ಓಡಿ, ಡಬ್ಬಿ ಸದ್ದು ಮಾಡಿ, ತಟ್ಟೆಯಲ್ಲಿ ಏನನ್ನೋ ಇಟ್ಟು ತಂದು ನನ್ನ ಮುಂದಿಟ್ಟಳು. "ಕಾಫಿಗೆ ಇಡ್ತೀನಿ ಆಂಟಿ, ಅಷ್ಟರಲ್ಲಿ ಇದು ತಗೊಳ್ಳಿ."

ತಟ್ಟೆಯಲ್ಲಿ ಎರಡು ನಿಪ್ಪಟ್ಟು. ಅವುಗಳ ಮೇಲೆ ಒಂದರೊಳಗೊಂದು ಮೂರು ಸುತ್ತಿನ ಗೆರೆ.

ನಾನು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಬೆರಳಿನಿಂದ ಗೆರೆ ಮುಟ್ಟಿದೆ. ಇಡೀ ತಾಲ್ಲೂಕಿನಲ್ಲಿ ಆ ಚೊಂಬು ಇರುವುದು ನನ್ನ ಅಡುಗೆಮನೆಯಲ್ಲಿ ಮಾತ್ರ. ಹುಡುಗಿ ನನ್ನ ಮುಖ ನೋಡಿದಳು, ನಿಪ್ಪಟ್ಟು ನೋಡಿದಳು, ಅವಳಿಗೂ ಅರ್ಥವಾಯಿತು. ಕಾಫಿಗೆ ಇಡುವುದನ್ನು ಮರೆತು ಅಲ್ಲೇ ನಿಂತಳು. ಮುಚ್ಚಿದ ಬಾಗಿಲಾಚೆ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಮೊದಲು ಬಂದದ್ದು ಸಿಟ್ಟೇ. ನಾನು ಒಲೆಯ ಉರಿಯ ಮುಂದೆ ಕೂತು ಕರಿದ ನಿಪ್ಪಟ್ಟು, ದಿನಾ ಸಂಜೆ ಕೇಳಿದ ಸೊಪ್ಪಿನ ಸಾರಿನ ಕಥೆ, "ಇಬ್ರೇ ಅವ್ರೆ" ಎಂದು ಮುದ್ದೆ ನುಂಗಿದ ನನ್ನ ಮಗ. ಹೆಲ್ಮೆಟ್ಟಿನೊಳಗಿನ ಮುಖ ಯಾರದೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಆ ಬಾಗಿಲನ್ನು ದೂಡಬೇಕು ಎನ್ನಿಸಿ ಕುರ್ಚಿಯ ಕೈ ಹಿಡಿದೆ. ನರ್ಸ್ ಹುಡುಗಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿ, ಒಳಗಿನವಳಿಗೆ ಕೇಳಿಸದ ದನಿಯಲ್ಲಿ ಮಾತಾಡಿದಳು.

"ಬೈಬೇಡಿ ಆಂಟಿ. ಅಲ್ಲಿ ಅವಳಿಗೆ ಮಲಗೋಕೂ ಜಾಗ ಇಲ್ಲ. ಅವರತ್ತಿಗೆಯ ತಂಗಿ ಬಾಣಂತನಕ್ಕೆ ಬಂದಿದಾಳೆ. ಮದುವೆ ಮಾಡಿ ಕಳಿಸಾಯ್ತಲ್ಲ, ಮತ್ತೆ ತಿಂಗಳುಗಟ್ಟಲೆ ಯಾಕೆ ಬರ್ಬೇಕು ಅಂದ್ರಂತೆ ಅತ್ತಿಗೆ. ಬ್ಯಾಗ್ ಕೂಡ ಬಿಚ್ಚಿಲ್ಲ. ಮಾರನೇ ದಿನ ಡ್ಯೂಟಿಗೆ ಬಂದವಳು ಇಲ್ಲಿಗೇ ಬಂದ್ಬಿಟ್ಲು."

"ಅವರಪ್ಪ?"

"ಅವರು ಏನೂ ಮಾತಾಡ್ಲಿಲ್ವಂತೆ. ಮಗನ ಮನೇಲಿ ಅವರದ್ದೇನೂ ನಡೆಯಲ್ವಂತೆ ಆಂಟಿ."

"ನನಗ್ಯಾಕೆ ಹೇಳಲಿಲ್ಲ ಅವಳು?"

"ಹೇಳಿದ್ರೆ ಅವರಪ್ಪನ ಮಾನ ಹೋಗುತ್ತೆ ಅಂದ್ಲು. ತಾಯಿ ಇಲ್ಲದವಳು ಅಂತ ಮದುವೆಯಲ್ಲೇ ಯಾರೋ ಅಂದಿದ್ರಂತೆ. ಇನ್ನು ತವರೂ ಇಲ್ಲ ಅಂದ್ರೆ ನಿಮ್ಮ ಮನೇಲಿ ಹೆಂಗೆ ತಲೆಯೆತ್ತಲಿ ಅಂತ ಅತ್ಲು."

ಮದುವೆಯಲ್ಲಿ ಯಾರು ಹಾಗೆ ಅಂದಿದ್ದರೋ ನನಗೆ ಗೊತ್ತಿಲ್ಲ. ನಮ್ಮ ಕಡೆಯ ಹೆಂಗಸರೇ ಇರಬೇಕು, ಬೇರೆ ಯಾರು ಅಂತಾರೆ? ನನ್ನ ಕೈ ಕುರ್ಚಿಯಿಂದ ಸಡಿಲವಾಯಿತು. ನನ್ನ ಆಷಾಢದಲ್ಲಿ ನನಗೆ ಎಣ್ಣೆ ಒತ್ತಲು ಅಮ್ಮ ಇದ್ದಳು. ಇವಳನ್ನು ನಾನು ಬಸ್ಸು ಹತ್ತಿಸಿದ್ದು ಎಲ್ಲಿಗೆ? ಕಿಟಕಿಯಿಂದ ತಿರುಗಿ ನೋಡಿದ್ದರೆ ಅಳು ಬರುತ್ತಿತ್ತೋ ಏನೋ, ಅದಕ್ಕೇ ನೋಡಲಿಲ್ಲ. ನನ್ನ ಮನೆಯಲ್ಲಿ ಏನು ಕಡಿಮೆಯಾಯಿತೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಅವಳು ನಮ್ಮದೇ ಬಾಡಿಗೆ ಮನೆಯಲ್ಲಿ, ಯಾರ ಕಣ್ಣಿಗೆ ಬೀಳುತ್ತೇನೋ ಎಂದು ಹೆದರಿಕೊಂಡು ಇದ್ದಳು.

ಆಗ ಇನ್ನೊಂದು ವಿಷಯ ಹೊಳೆದು ಗಾಬರಿಯಾಯಿತು. ಆಷಾಢ. ಅತ್ತೆ ಸೊಸೆ ಇಬ್ಬರೂ ಆ ಮನೆಯ ಹೊಸಿಲು ದಾಟಿ ಒಂದೇ ಸೂರಿನಡಿ ಕೂತಿದ್ದೆವು. ನಗು ಬರಬೇಕಾದ ಮಾತು, ಆಗ ಬರಲಿಲ್ಲ. ಇದಕ್ಕಿಂತ ಹೆಚ್ಚಾಗಿ, ನಾನು ಬಾಗಿಲು ದೂಡಿದರೆ ಏನಾಗುತ್ತದೆ ಎನ್ನುವುದು ಕಣ್ಣಿಗೆ ಕಟ್ಟಿತು. ಅವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಿಲ್ಲುತ್ತಾಳೆ. ನಾನು ಬಾ ಎಂದರೆ ಮನೆಗೆ ಬರುತ್ತಾಳೆ, ಆದರೆ ಆ ನಿಂತ ನಿಲುವು ಅವಳ ಜೊತೆಗೇ ಬರುತ್ತದೆ, ನನ್ನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಹಾಗೇ ತಲೆ ತಗ್ಗಿಸಿ ಓಡಾಡುತ್ತದೆ. ನನಗೆ ಬೇಕಾದದ್ದು ಹಾಗೆ ಬರುವ ಸೊಸೆಯಲ್ಲ.

ನಿಪ್ಪಟ್ಟನ್ನು ಕೈಯಲ್ಲೇ ಹಿಡಿದು ಎದ್ದೆ. ಹೊರಗೆ ಬಂದು, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಸೊಸೆಗೆ ಫೋನು ಮಾಡಿದೆ. ರೂಮಿನ ಕಿಟಕಿ ಮೆಟ್ಟಿಲ ಪಕ್ಕದಲ್ಲೇ ಇತ್ತು. ಒಳಗೆ ಫೋನು ಬಡಿದುಕೊಂಡಿತು, ತಟಕ್ಕನೆ ಸದ್ದಡಗಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ವಾಪಸು ಮಾಡಿದಳು.

"ಹೇಳಿ ಅತ್ತೆ." ದನಿ ಒಂದು ಸಲ ಫೋನಿನಲ್ಲಿ, ಒಂದು ಸಲ ಕಿಟಕಿಯಿಂದ ಕೇಳಿಸಿತು.

ಎಲ್ಲಿದ್ದೀಯ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಮತ್ತೊಂದು ಸುಳ್ಳು ಹುಡುಕಬೇಕಾಗುತ್ತಿತ್ತು.

"ನಿಪ್ಪಟ್ಟು ಮೆತ್ತಗಾಗೈತೆ ಕಣಮ್ಮ" ಎಂದೆ. "ಮೋಡದ ಥಂಡಿಗೆ. ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕ್ಬೇಕು. ಬೇರೆ ಮಾಡಿ ಕಳಿಸ್ತೀನಿ."

ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಕಿಟಕಿಯಿಂದ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಅಳು ಕೇಳಿಸಿತು. ನಾನು ಬೀದಿಯ ಕಡೆ ಮುಖ ಮಾಡಿ ಕೂತೆ. ಎದುರು ಮನೆಯಾಕೆ ಸೊಪ್ಪು ಬಿಡಿಸುವುದನ್ನೇ ಬಿಟ್ಟು ನನ್ನನ್ನು ನೋಡುತ್ತಿದ್ದರು.

"ಅತ್ತೆ, ಒಳಗೆ ಬನ್ನಿ" ಎಂದಳು ಕೊನೆಗೆ.

"ಬರಲ್ಲ ಕಣಮ್ಮ. ಆಷಾಢ. ಒಂದು ಸಲ ಗೊತ್ತಿಲ್ದೆ ದಾಟಿಬಿಟ್ಟಿದೀನಿ, ಅದೇ ಸಾಕು. ನೀನೂ ಈಚೆ ಬರಬೇಡ. ಆರಾಮಾಗಿರು. ನೀರು ಸಾಲದೆ ಬಂದ್ರೆ ಹೇಳು, ಟ್ಯಾಂಕರ್ ಹೊಡೆಸ್ತೀನಿ."

"ಅಪ್ಪಂಗೆ ಏನೂ ಅನ್ಬೇಡಿ ಅತ್ತೆ."

ಅವಳು ನನ್ನನ್ನು ಕೇಳಿಕೊಂಡದ್ದು ಅದೊಂದೇ. ಅದೂ ತನಗಾಗಿ ಅಲ್ಲ.

"ನಾನ್ಯಾಕೆ ಅನ್ಲಿ?" ಎಂದೆ. "ಆಷಾಢ ಮುಗಿದ ಮೇಲೆ ನಾವು ನಿಮ್ಮೂರಿಗೇ ಬರ್ತೀವಿ. ನೀನು ಹಿಂದಿನ ದಿನ ಅಲ್ಲಿಗೆ ಹೋಗಿರು. ಒಂದು ರಾತ್ರಿ ಹೆಂಗೋ ಕಳಿ. ನಿಮ್ಮಪ್ಪನ ಕೈಯಿಂದ ಎಲೆ ಅಡಿಕೆ ಇಸ್ಕೊಂಡೇ ನಾನು ನಿನ್ನ ಕರ್ಕೊಂಡು ಬರೋದು. ಬರ್ತೀಯ ತಾನೆ?"

ಅವಳು ಹೋದ ದಿನದಿಂದ ಅವಳನ್ನೇ ಕೇಳಲಾಗದೆ ನುಂಗಿಕೊಂಡಿದ್ದ ಪ್ರಶ್ನೆ ಅದು.

"ಬರ್ತೀನಿ ಅತ್ತೆ" ಎಂದಳು. ಈ ಸಲ ದನಿ ಕಿಟಕಿಯಿಂದ ಮಾತ್ರ ಬಂತು, ಫೋನು ಎಲ್ಲೋ ಕೆಳಗಿಟ್ಟಿರಬೇಕು.

ಗೇಟು ಹಾಕಿಕೊಂಡು ಬರುವಾಗ ಎದುರು ಮನೆಯಾಕೆ ಕಾತರದಿಂದ ಎದ್ದು ನಿಂತರು. "ಏನಂತೆ ಅಕ್ಕ? ಮೂರು ಜನ ತಾನೆ?"

"ಮೂರೇ" ಎಂದೆ. "ನಾನೇ ಇರು ಅಂದಿರೋದು." ಮದುವೆಗೆ ಬಾರದ ಆಕೆಗೆ ನಮ್ಮ ಸೊಸೆಯ ಮುಖ ಗೊತ್ತಿರಲಿಲ್ಲ.

"ಮತ್ತೆ ಆ ಗಂಡಸು?"

"ಅವನು ನನ್ನ ಮಗ, ಸಂಪು ನೋಡೋಕೆ ಬರ್ತಾನೆ. ಇನ್ಮೇಲೆ ಬೈಕು ಮನೆ ಮುಂದೇನೇ ನಿಲ್ಲಿಸ್ತಾನೆ, ನೀವು ತಲೆ ಕೆಡಿಸ್ಕೋಬೇಡಿ." ಆಕೆಗೆ ಅಷ್ಟು ಸಣ್ಣ ಉತ್ತರ ಸಾಲದೆಂದು ಗೊತ್ತು, ಆದರೆ ನನ್ನ ಬಸ್ಸಿಗೆ ಹೊತ್ತಾಗಿತ್ತು.

ಮಗನಿಗೆ ಅಂದು ಸಂಜೆ ಏನೇನು ಮಂಗಳಾರತಿಯಾಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. "ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು ಕಣಮ್ಮ" ಎಂದು ಅವನು ಗೋಡೆಗೆ ಹೇಳಿದ. ಆಷಾಢದ ಕಟ್ಟಳೆ ಮುರಿದದ್ದಕ್ಕೆ ಬೇರೆಯಾಗಿ ಬೈದೆ. ಹಾಗೆ ಬೈಯುತ್ತಲೇ ಹಿತ್ತಾಳೆ ಚೊಂಬು ತೊಳೆದಿಟ್ಟೆ. ಮರುದಿನ ನಿಪ್ಪಟ್ಟಿನ ಹೊಸ ಕಟ್ಟು ಹಿಡಿದು ಹೋದವನೂ ಅವನೇ.

ಶ್ರಾವಣದ ಮೊದಲ ಒಳ್ಳೆಯ ದಿನ ನೋಡಿ ನಾನೂ ಯಜಮಾನರೂ ಮಾಲೂರಿನ ಕಡೆಗೆ ಹೋದೆವು. ಹೂವು, ಹಣ್ಣು, ಬೀಗರ ಮನೆಯವರಿಗೆಲ್ಲ ಬಟ್ಟೆ ಒಯ್ದಿದ್ದೆ. ಅತ್ತಿಗೆಗೂ ಒಂದು ಸೀರೆ ಒಯ್ದೆ, ಕೊಡುವಾಗ ಅವಳ ಮುಖ ಮಾತ್ರ ನೋಡಲಿಲ್ಲ. ಸೊಸೆ ತೊಳೆದ ಅಂಗಳದಲ್ಲಿ ರಂಗೋಲಿ ಹಾಕಿ, ತಲೆಗೆ ಹೂ ಮುಡಿದು, ತಿಂಗಳಿಡೀ ಅಲ್ಲೇ ಇದ್ದವಳಂತೆ ಓಡಾಡುತ್ತಿದ್ದಳು. ಅವಳ ತಂದೆ ಹೊಸ ಪಂಚೆಯುಟ್ಟಿದ್ದರು. ಕೂತಲ್ಲಿ ಕೂರಲಾಗದೆ, ಎದ್ದಲ್ಲಿ ನಿಲ್ಲಲಾಗದೆ ಒದ್ದಾಡುತ್ತಿದ್ದರು. ನಮಗೆ ಗೊತ್ತೆನ್ನುವುದು ಅವರಿಗೆ ಗೊತ್ತಿರಲಿಲ್ಲ.

"ಮಗಳು ಇದ್ದದ್ದು ಮನೆ ತುಂಬಿದಂಗಿತ್ತು ಅಮ್ಮ" ಎಂದರು ಎಲೆ ಅಡಿಕೆ ಕೊಡುತ್ತಾ. ತಟ್ಟೆ ವಾಲಿ ಒಂದು ಅಡಿಕೆ ಉರುಳಿ ಕೆಳಗೆ ಬಿತ್ತು.

"ಚೆನ್ನಾಗಿ ನೋಡ್ಕೊಂಡಿದೀರಿ" ಎಂದೆ. "ಮೈಕೈ ತುಂಬ್ಕೊಂಡವ್ಳೆ."

ಅವರು ಆಗ ತಲೆಯೆತ್ತಿ ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಸೊಸೆಯೂ ನೋಡಿದಳು. ಯಜಮಾನರು ಬಿದ್ದ ಅಡಿಕೆಯನ್ನು ಹುಡುಕಿ ತಟ್ಟೆಗೆ ಹಾಕಿದರು.

ಹೊರಡುವಾಗ ಅವಳ ತಂದೆ ಒಳಗೆ ಹೋಗಿ ನನ್ನ ಸ್ಟೀಲ್ ಡಬ್ಬಿಯನ್ನು ತಂದು ಕೈಗಿಟ್ಟರು. ಹಿಂದಿನ ದಿನ ಸೊಸೆಯ ಜೊತೆ ಅದೂ ಅಲ್ಲಿಗೆ ಹೋಗಿತ್ತು. ಹೆಣ್ಣಿನ ಮನೆಯಿಂದ ಡಬ್ಬಿ ಖಾಲಿ ವಾಪಸು ಹೋಗಬಾರದು. ಮನೆಗೆ ಬಂದು ಮುಚ್ಚಳ ತೆಗೆದೆ. ಒಳಗೆ ಹುರಿದ ಕಡಲೆಬೀಜ ಕಂಠಮಟ್ಟ ತುಂಬಿತ್ತು. ಹುರಿದವರಿಗೆ ಒಲೆಯ ಉರಿಯ ಅಂದಾಜು ಗೊತ್ತಿರಲಿಲ್ಲ. ಅರ್ಧ ಕರಕಲು, ಅರ್ಧ ಹಸಿ. ಅಡುಗೆಮನೆಯಲ್ಲಿ ಕೈಯಾಡಿಸಿ ಅಭ್ಯಾಸವಿರುವ ಯಾವ ಹೆಂಗಸೂ ಹಾಗೆ ಹುರಿಯುವುದಿಲ್ಲ.

"ಅಪ್ಪನೇ ಹುರಿದ್ರು ಅತ್ತೆ" ಎಂದಳು ಸೊಸೆ. "ಎಲ್ಲರೂ ಮಲಗಿದ ಮೇಲೆ."

ಅವಳೂ ನಾನೂ ಅಡುಗೆಮನೆಯ ಹೊಸಿಲ ಮೇಲೆ ಅಕ್ಕಪಕ್ಕ ಕೂತು ತಿಂದೆವು. ಕರಕಲಾದದ್ದನ್ನೂ ನಾನು ಎಸೆಯಲಿಲ್ಲ.